ಜವಾಬ್ದಾರ ಮನುಷ್ಯನ ಹೆಸರು

…ಅಲ್ಲ, ಹೊಸ್ತಿಲದಾಗ ಹಿಂಗ ನಿಂತ್ರ ನಾ ಏನ್ ತಿಳ್ಕೋಬೇಕು, ಚಂದವ್ವಾ? ಒಳಗ ಬಾ. ಬಾ ಅಂದ್ರ ಬಾ! ನಿಮ್ಮ ವೈನಿ ಭೀಮಮ್ಮ ರೇಶನ್ ಅಂಗಡಿ ಲೈನಿನ್ಯಾಗ ನಿಂತಾಳ, ಬರ್ಲಾಕ ಇನ್ನೂ ತಾಸು ಬೇಕು. ಕುಂದ್ರು. ಆ ಡಬ್ಬಿ ಮ್ಯಾಲ ಬ್ಯಾಡ, ಮುಚ್ಚಳ ಸಡ್ಲ ಅದ… ಚಾಪಿ ಮ್ಯಾಲ ಕುಂದ್ರು. ಹಾಂ.

ಸೆರಗಿನ್ಯಾಗ ಏನದು? ಕಾಗದ? ತಾ ಇಲ್ಲಿ. … ನೋಟೀಸು. ಶಿವರಾಯನ ಹೆಸರಿಗೆ ಬಂದದ. ಗೊತ್ತು ತಗೋ, ನಿನ್ನೆ ಪೊಲೀಸಪ್ಪ ನಿನ್ನ ಗಂಡನ್ನ ಹುಡಕ್ಕೋತ ಬಂದಿದ್ದ ಅಂತ ನಳದ ಮುಂದ ಹೆಣ್ಮಕ್ಕಳು ಮಾತಾಡ್ತಿದ್ರು. ನಾನೇ ಬರಾವ ಇದ್ದೆ. ಖರೇನ! ಡ್ಯೂಟಿ ಮುಗಿಸಿ ಸೀದಾ ನಿಮ್ಮ ಖೋಲಿಗೆ ಬಂದು, ‘ಏನಪಾ ಶಿವರಾಯ, ಏನ್ ಗಂಡಾಂತರ ಬಂತು, ತೋರ್ಸು’ ಅಂತ ಕೇಳಾವ ಇದ್ದೆ. ಹಂಗ್ಯಾಕ ನೋಡ್ತಿ? ಎರಡು ತಿಂಗಳಿಂದ ನಿಮ್ಮ ಕಡಿ ಬಂದಿಲ್ಲ, ಒಪ್ಪಿದೆ. ಒಪ್ಪಿದೆ, ಮಾರಾಯ್ತಿ! ನನಗೂ ಒಂದು ನೌಕರಿ ಅದ.

ಓದ್ಲಿ? ಓದ್ತೀನಿ, ತಡಿ. ಇದು ಸರ್ಕಾರಿ ಮರಾಠಿ, ಮನಷ್ಯಾರು ಮಾತಾಡೋ ಮರಾಠಿ ಅಲ್ಲ. ಸೋಲಾಪುರದಾಗ ಸೋದರಮಾವನ ಮನ್ಯಾಗಿದ್ದು ಏಳನೇತ್ತ ತನಕ ಕಲ್ತಾವ ನಾ, ನನಗೇ ಎಡವ್ತದ. ‘ಶಿವರಾಯ ಬಾಲಪ್ಪ, ವಯಸ್ಸು ಮೂವತ್ತೆಂಟು, ರೇತಿ ಬಂದರದಾಗ ಹಮಾಲಿ…’ ಹ್ಞೂಂ, ದೋಣಿಯಿಂದ ರೇತಿ ಹೊರಾವ, ಬರೋಬ್ಬರಿ ಬರದಾರ. ‘ಸುಳ್ಳು ಹೇಳಿ ಮಿರವಣೂಕಿ ಪರವಾನಾ ತಗೊಂಡು ಎರಡು ಸಮಾಜದ ನಡುವ ಜಗಳ ಹಚ್ಚಲಾಕ ನೋಡ್ಯಾನ. ಇವನ್ನ ಠಾಣೆ, ಮುಂಬೈ, ರಾಯಗಡ, ಈ ಮೂರೂ ಜಿಲ್ಲಾದಿಂದ ಎರಡು ವರ್ಷ ಯಾಕ ತಡೀಪಾರ ಮಾಡಬಾರ್ದು…’ ತಡೀಪಾರ ಅಂದ್ರ ಗಡೀಪಾರು, ತಂಗಿ. ಜೇಲಲ್ಲ. ಹೆದರಬ್ಯಾಡ, ಜೇಲಂತೂ ಅಲ್ಲ. ಎರಡು ವರ್ಷ ಇಲ್ಲಿ ಕಾಲಿಡಂಗಿಲ್ಲ, ಅಷ್ಟೇ.

…‘ಅಷ್ಟೇ’ ಅನ್ನಬಾರ್ದಿತ್ತು. ಹೌದು. ಊರಾಗ ಅವಗ ಅಂಗೈ ಅಗಲ ಹೊಲ ಇಲ್ಲ. ಇಲ್ಲಿ ರೇತಿ ಬಿಟ್ರ ಇನ್ನೊಂದು ಕೆಲಸ ಗೊತ್ತಿಲ್ಲ. ಆ ಕಾಲು ಎಳ್ಕೋತ ಎಲ್ಲಿ ಹೋಗ್ತಾನ?

ಮುಂದ ಕೇಳು. ‘ಉತ್ತರ ಹೇಳೋದಿದ್ರ ನಾಳೆ ಹನ್ನೊಂದು ಗಂಟೆಕ್ಕ ಠಾಣೆದ ಆಫೀಸಿಗೆ ಬರಬೇಕು. ತನ್ನ ಕಡಿ ಸಾಕ್ಷಿ ಇದ್ರ ಕರ್ಕೊಂಡು ಬರಬೇಕು.’ ನಾಳೆ! ಬೇಕಂತಲೇ ಒಂದು ದಿನ ಮೊದಲು ಕೊಡ್ತಾರ ಇವರು. ಮುಗೀತು, ಇಷ್ಟೇ ಬರದದ. ಉಳದದ್ದು ಕಲಮು-ಗಿಲಮು, ನಂಬರು, ಸಿಕ್ಕಾ. ಮಡಚಿ ಇಟ್ಕೋ.

ಚಾ ಇಡ್ಲಾ? … ನೀರರ ಕುಡಿ. ನೀರಿಗೇನ್ ಬರ ಇಲ್ಲ ಈ ಮನ್ಯಾಗ, ಇಡೀ ವಾರ್ಡಿನ ವಾಲ್ವು ತಿರುವೋ ಚಾವಿ ನಿಮ್ಮಣ್ಣನ ಕೈಯಾಗದ! … ಬ್ಯಾಡ? ಬ್ಯಾಡಂದ್ರ ಬ್ಯಾಡ.

ನೋಡು ಚಂದವ್ವಾ, ನಿನ್ನ ಮನಸ್ಸಿನ್ಯಾಗ ಏನದ ನನಗ ತಿಳೀತದ. ‘ಈ ಮಾಪಣ್ಣನ ಮಾತು ಕೇಳಿ ಕೆಟ್ಟವಿ’ ಅಂತ ಅಂದ್ಕೋತಿ. ಆದ್ರ ಆ ಪರವಾನಾದ ಸಲುವಾಗಿ ನಾ ಎಷ್ಟು ಚಪ್ಪಲಿ ಸವಸೀನಿ ಅಂಬೋದು ನಿನಗ ಗೊತ್ತಿಲ್ಲ. ಹರಕಿ ನನ್ನದೇನು? ನಿಮ್ಮದು. ನಿನ್ನ ಮಗಳು ಶರಣಬಸಮ್ಮಗ ಕಾಮಣಿ ಆಗಿ ಕಣ್ಣು ಅರಿಶಿಣ ಆದಾಗ, ‘ಮಗಳು ಉಳದ್ರ ಅಲಾಯಿ ದೇವರನ್ನ ಹೊತ್ತು ಖಾಡಿ ನೀರಿನ ತನಕ ನಡೀತೀನಿ’ ಅಂತ ಬೇಡ್ಕೊಂಡಾಂವ ಶಿವರಾಯ. ಅಲ್ಲೀ ತನಕ ಎಂಟು ವರ್ಷ ನಮ್ಮ ಮೊಹರಂ ಚಾಳಿನ ಒಳಗೇ ಇತ್ತಲ್ಲ? ಊರಿಂದ ತಂದ ಒಂದೇ ಒಂದು ಪಂಜಾ, ಅದೇ ನಮ್ಮ ದೇವರು. ಹಸರ ಬಟ್ಟಿ ಸುತ್ತಿ ನಿಲ್ಲಸ್ತಿದ್ವಿ, ಊದ ಹಾಕ್ತಿದ್ವಿ. ಹತ್ತನೇ ದಿನ ಚಾಳಿಗೆ ಒಂದು ಸುತ್ತು ಹೊಡದು, ಹೊಳಿ ಎಲ್ಲಿಂದ ತರೂದು, ಪ್ಲಾಸ್ಟಿಕ್ ಬಕೀಟಿನ್ಯಾಗ ದೇವರನ್ನ ಅದ್ದಿ ಮುಗಸ್ತಿದ್ವಿ! ದೇವರೂ ಒಂದಿನ ಸಿಟ್ಟಾಗಲಿಲ್ಲ. … ನಕ್ಕೇನು? ಇಲ್ಲ? ನಕ್ಕಂಗ ಅನಸ್ತು.

ಚಾಳು ಬಿಟ್ಟು ರಸ್ತೆಕ್ಕ ಇಳದ್ರ ಮುಗೀತು, ರಸ್ತೆ ಸರ್ಕಾರದ್ದು. ಮುಂಬ್ರಾ ನಾಕಾದ ಪೊಲೀಸ್ ಚೌಕಿಗೆ ಹೋದೆ. ಫಾರಮು ಕೊಟ್ರು. ಎಷ್ಟು ಮಂದಿ, ಯಾವ ರಸ್ತೆ, ಎಷ್ಟಕ್ಕ ಸುರು, ಎಷ್ಟಕ್ಕ ಮುಗೀತದ, ಹಲಗಿ ಎಷ್ಟು, ಸನಾದಿ ಎಷ್ಟು, ಯಾವ ಧರ್ಮ, ಯಾವ ಹಬ್ಬ. ನಾ ಹೇಳ್ದೆ: ಧರ್ಮ ಹಿಂದೂ, ಹಬ್ಬ ಮೊಹರಂ. ಕಾರಕೂನ ಪೆನ್ನು ಕೆಳಗಿಟ್ಟ. ‘ಸಕಾಳೀ ಸಕಾಳೀ ಘೇತಲೀಸ್ ಕಾ ರೇ?’ ಅಂದ. ಮುಂಜ-ಮುಂಜಾನಿಗೇ ಹಾಕ್ಕೊಂಡು ಬಂದೀ ಏನೋ, ಅಂತ!

ಹೆಂಗ ತಿಳಸ್ಲಿ ಅವಗ? ನಮ್ಮ ಅಫಜಲಪುರ ಕಡಿ ಸಾಬರ ಮನಿ ಒಂದೂ ಇಲ್ಲದ ಊರಾಗೂ ಅಲಾಯಿ ಕೂಡ್ತಾವ, ಗೌಡ್ರು ಬಂದು ಕಾಯಿ ಒಡೀತಾರ, ನಾವೇ ಫಕೀರ ಆಗ್ತೀವಿ ಅಂತ ಎಲ್ಲಾ ಹೇಳ್ದೆ. ಹೇಳಿದಷ್ಟೂ ಅವಗ ಸಂಶಯ. ಮೇ ತಿಂಗಳ ಹಿಂದೂ-ಸಾಬರ ಗಲಾಟಿ ಆಗಿ ಐದು ತಿಂಗಳು ಆಗಿರ್ಲಿಲ್ಲ ನೋಡು, ಠಾಣೆದಿಂದ ಕಲ್ಯಾಣ ತನಕ ಒಬ್ಬರ ಮುಖ ಒಬ್ಬರು ನೋಡ್ಲಾಕ ಅಂಜೋ ಕಾಲ. ‘ಹಳೇ ರಜಿಸ್ಟರದಾಗ ಇದ್ದ ತಾಬೂತಿಗೆ ಅಷ್ಟೇ ಪರವಾನಾ. ಈ ವರ್ಷ ಹೊಸದಕ್ಕ ಇಲ್ಲ’ ಅಂತ ಫಾರಮು ತಿರುಗಿ ದೂಡಿದ.

ಅವತ್ತೇ ಸುಮ್ಮನಾಗಬೇಕಿತ್ತು. ಅಥವಾ… ಇನ್ನೊಂದು ದಾರಿ ಇತ್ತು, ನಿನಗ ಹೇಳಿಲ್ಲ. ಮಸೂತಿ ಗಲ್ಲಿಯ ಮುದಕ ಚಾಚಾ ಇದ್ದಾನಲ್ಲ, ಅವರ ತಾಬೂತಿನ ಹಿರ್ಯಾ, ಅಂವ ತಾನಾಗೇ ಕರದು ಹೇಳಿದ್ದ. ‘ನಮ್ಮ ಪರವಾನಾದ ಮ್ಯಾಲ ನಿಮ್ಮ ಹತ್ತು ಮಂದಿ ಹೆಸರು ಬರಸ್ತೀವಿ, ನಮ್ಮ ಹಿಂದ ನಡೀರಿ, ದೇವರು ಒಬ್ಬನೇ ಇದ್ದಾನ’ ಅಂದ. ನಾನೇ ಬ್ಯಾಡಂದೆ. ಗಲಾಟಿ ಆದ ಈ ವರ್ಷ ಅವರ ಪಟ್ಟಿಯೊಳಗ ನಮ್ಮ ಹೆಸರು ಇದ್ರ ನಾಳೆ ಏನರ ಆದ್ರ… ಅಂತ ಅಂಜಿದೆ. ಶಾಣ್ಯಾತನ ಮಾಡ್ದೆ! ನಮ್ಮಂಥವರು ಶಾಣ್ಯಾತನ ಮಾಡಬಾರ್ದು, ತಂಗಿ. ಹೆಡ್ಡರಾಗಿ ಇದ್ರ ಯಾರರ ಕೈ ಹಿಡದು ದಾಟಸ್ತಾರ.

ಮರುದಿನ ಹೋದ್ರ ಟೇಬಲ್ಲಿನ ಹಿಂದ ಬ್ಯಾರೆ ಕಾರಕೂನ ಕುಂತಿದ್ದ. ಹೊಸ ಫಾರಮು ತಗೊಂಡು ಬರದುಬಿಟ್ಟೆ: ‘ದೇವಿ ವಿಸರ್ಜನ’. ಈ ವರ್ಷ ದಸರಾ, ಮೊಹರಂ ಎರಡೂ ಮೈಗೆ ಮೈ ಹಚ್ಚಿ ಬಂದಿದ್ವಲ್ಲ! ‘ದಸರಾ ಮುಗದು ಎರಡು ದಿನಕ್ಕ ದೇವೀನ ಕಳಸ್ತೀರೇನು?’ ಅಂತ ಕೇಳ್ದ. ‘ಹೌದ್ರಿ ಸಾಹೇಬ, ನಮ್ಮ ಕಡಿ ಆಕಿ ಎರಡು ದಿನ ಹೆಚ್ಚಿಗೆ ಇರ್ತಾಳ’ ಅಂದೆ. ಸಿಕ್ಕಾ ಬಿತ್ತು. ಹಾವೂ ಸಾಯಲಿಲ್ಲ, ಕೋಲೂ ಮುರೀಲಿಲ್ಲ ಅಂತ ಹಿಗ್ಗಿಕೋತ ಬಂದೆ.

ಏನು? … ಹ್ಞಾ, ಫಾರಮಿನ ಕೆಳಗ ಇನ್ನೊಂದು ಸಾಲಿತ್ತು. ‘ಜವಾಬ್ದಾರ ಮನುಷ್ಯನ ಹೆಸರು’ ಅಂತ. ಮಿರವಣೂಕಿ ಸುರು ಆದಾಗಿಂದ ಮುಗಿಯೂ ತನಕ ಏನೇ ಆದ್ರೂ ಅಂವ ಜವಾಬ್ದಾರ. ಶಿವರಾಯನ ಹೆಸರು ಬರದೆ. ಹರಕಿ ಅವಂದು, ದೇವರು ಹೊರಾಂವ ಅಂವ, ಮತ್ಯಾರ ಹೆಸರು ಬರೀಲಿ? … ನನ್ನದಾ? ನನ್ನದು ಹೆಂಗ ಬರೀಲಿ! ನಾ ಪಾಲಿಕೆ ಮನಷ್ಯಾ. ಏಳು ವರ್ಷ ಟೆಂಪರವರಿ ಚಾವೀವಾಲಾ, ಈ ಜನವರಿಗೆ ಪರ್ಮನೆಂಟ್ ಆಗ್ತದ. ಅದಕ್ಕ ಪೊಲೀಸರ ದಾಖಲಾ ಬೇಕು, ಹೆಸರಿನ ಮ್ಯಾಲ ಒಂದು ಸಣ್ಣ ಕಲೆ ಇರಬಾರ್ದು. ಇಡೀ ಚಾಳಿನ್ಯಾಗ ಸರ್ಕಾರಿ ನೌಕರಿ ಅಂತ ಇರೂದು ಇದೊಂದೇ. ನಿಮ್ಮ ರೇಶನ್ ಕಾರ್ಡಿಗೆ ಯಾರ ಸಹಿ? ನಿನ್ನ ಮಗಳನ್ನ ಸಾಳಿಗೆ ಹಚ್ಚೋ ಫಾರಮು ಯಾರು ತುಂಬಿದ್ರು? ನನ್ನ ನೌಕರಿ ನಿಮ್ಮೆಲ್ಲಾರ ನೌಕರಿ ಇದ್ದಂಗ ಅಲ್ಲೇನು?

ಅವಗ ಕೇಳೇ ಹೆಬ್ಬಟ್ಟು ಒತ್ತಸ್ಕೊಂಡೀನಿ. ದೇವಿ ಅಂತ ಬರದದ್ದೂ ಹೇಳಿದ್ದೆ. … ಹೇಳಿದ್ದೆ. ಹೇಳಿದಂಗ ನೆನಪು. … ಹಂಗ ನೋಡಬ್ಯಾಡ, ತಂಗಿ. ಹೇಳಿರ್ಲಿಲ್ಲ. ಹೇಳಿದ್ರ ಅಂವ ಒಪ್ಪತಿದ್ನೇನು? ‘ದೇವರ ಹೆಸರು ಬದಲು ಮಾಡಿ ದೇವರನ್ನ ಹೊರೋದು ಹೆಂಗಣ್ಣಾ’ ಅಂತಿದ್ದ. ಪಾಪದಂವ.

ಆದ್ರ ಮಿರವಣೂಕಿ ದಿನ ನಾ ಅಲ್ಲಿ ಇದ್ದಿದ್ರ ಇಷ್ಟು ಆಗ್ಲಾಕ ಬಿಡ್ತಿರ್ಲಿಲ್ಲ, ಅದನ್ನರ ನಂಬು. ನನಗ ಡ್ಯೂಟಿ ಹಾಕಿದ್ರು, ಎಲ್ಲೋ ವಾಲ್ವು ಒಡದಿತ್ತು. ಖಾಡಿಗೆ ಹೋಗೋ ದಾರಿ ಮಸೂತಿ ಗಲ್ಲಿ ಮುಂದ ಅದೊಂದೇ. ಅಲ್ಲಿ ಜಗಳ ಏನೂ ಆಗ್ಲಿಲ್ಲ, ಅವರು ನಮ್ಮನ್ನ ನೋಡಿ ಎದ್ದು ನಿಂತ್ರು! ಶರಬತ್ತು ತಂದ್ರು. ಗುಲಾಬಿ ಬಣ್ಣದ್ದು, ಮ್ಯಾಲ ತುಕಮರಿ ಬೀಜ ತೇಲ್ತಿದ್ವು. ಶಿವರಾಯ ತುಟಿಗೆ ಹಚ್ಚಲಿಲ್ಲ. ದೇವರು ಹೊತ್ತಾಂವ ನೀರಿಗೆ ಇಳಿಯೂ ತನಕ ಕುಡಿಯಂಗಿಲ್ಲ, ಮಾತಾಡಂಗಿಲ್ಲ. ಆ ಚಾಚಾಗ ಅದು ತಿಳೀತು. ಗ್ಲಾಸು ಹಿಡದ ಕೈಯಿಂದಲೇ ಸಲಾಮು ಮಾಡಿ ಹಿಂದಕ್ಕ ಸರದ, ಶರಬತ್ತು ತುಳುಕಿ ಅವನ ಬಿಳೀ ಅಂಗಿ ಮ್ಯಾಲ…

ಯಾಕ ತಲಿ ಎತ್ತಿದಿ?

ಮಂದಿ ಹೇಳಿದ್ದು ಹೇಳ್ಲಾಕತ್ತೀನಿ. … ಯಾರಂದ್ರ, ಮಂದಿ. ನಮ್ಮ… ಹ್ಞೂಂ. ಇದ್ದೆ. ಇದ್ದೆ, ತಂಗಿ! ನೀ ದೇವರ ಕಾಲಿಗೆ ನೀರು ಹಾಕ್ಲಾಕ ಕೊಡಾ ಹಿಡದು ಮುಂದ ನಡದಿದ್ದಿ, ಹಿಂದ ತಿರುಗಿ ನೋಡಿರಂಗಿಲ್ಲ ಅಂತ ಅಂದ್ಕೊಂಡಿದ್ದೆ. ನೋಡಿದ್ದಿ, ಹೌದಿಲ್ಲೋ? ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡ್ಕೊಂಡ್ನಂತ. ನನ್ನ ಹೆಗಲು ಮುಟ್ಟಿ ಮುಟ್ಟಿ ಸವದದ.

ಹಂಗಾದ್ರ ಎಲ್ಲಾ ಗೊತ್ತದ ನಿನಗ. ನಾಕಾದ ಮ್ಯಾಲ ಸಾಹೇಬ ತಡದು ಪರವಾನಾ ಕೇಳ್ದ. ಓದ್ದ. ‘ಇದರಾಗ ದೇವಿ ಅಂತ ಅದ. ದೇವಿ ಎಲ್ಲಿ? ಮಸೂತಿ ಮುಂದ ಹಿಂದೂಗೋಳು ಪಂಜಾ ಹೊತ್ತು ಕುಣೀತೀರಂದ್ರ ಏನ್ ಬೆಂಕಿ ಹಚ್ಚಬೇಕಂತ ಮಾಡೀರಿ?’ ಅಂದ. ಅಂವಗೂ ಹೆದರಿಕಿ. ‘ಜವಾಬ್ದಾರ ಯಾರು?’ ಅಂದ. ಹೆಸರು ಓದಿ ಕರದ. ಶಿವರಾಯ ದೇವರು ಎದಿಗೆ ಅವಚಿ ನಿಂತಾನ, ಬಾಯಿ ಬಿಡವಲ್ಲ. ಮೂರು ಸಲ ಕೇಳ್ದ. ಮಾತಾಡಿದ್ರ ಹರಕಿ ಮುರೀತದ, ಮಾತಾಡಲಿಲ್ಲಂದ್ರ ಕಾಲು ಮುರೀತದ. ಲಾಠಿಗೆ ಕಾಲೇ ಮುರೀತು. ಬಿದ್ರೂ ದೇವರನ್ನ ನೆಲಕ್ಕ ಹಚ್ಚಲಿಲ್ಲ ನೋಡು ಆ ಹುಚ್ಚ. ಮಸೂತಿ ಗಲ್ಲಿಯವರೇ ಓಡಿ ಬಂದು ಅವನ ಕೈಯಿಂದ ದೇವರನ್ನ ಇಸ್ಕೊಂಡ್ರು. ತಮ್ಮ ತಾಬೂತಿನ ಜೊತಿ ಖಾಡಿಗೆ ಮುಟ್ಟಿಸಿದ್ರು.

ಮತ್ತ ನಾನು… ಆ ಮಿರವಣೂಕಿಯೊಳಗ ಮರಾಠಿ ಬರಾವ ನಾ ಒಬ್ಬನೇ. ‘ಸಾಹೇಬ, ಅಂವ ಮಾತಾಡಂಗಿಲ್ಲ, ಅರ್ಜಿ ಬರದಾಂವ ನಾನು’, ಇಷ್ಟೇ ಹೇಳಬೇಕಿತ್ತು. ಕೊರಳಾಗಿನ ಫಕೀರನ ಲಾಡಿ ದಾರ ಹರದು ಕಿಸೆದಾಗ ತುರುಕಿ, ನೋಡ್ಲಾಕ ಬಂದ ಮಂದಿ ಜೋಡಿ ಹೋಗಿ ನಿಂತೆ. ಅಯ್ಯೋ ಪಾಪ ಅಂತ ಅವರು ಅಂದ್ರ ನಾನೂ ಅಂದೆ.

ಆತು. ಹೇಳಿಬಿಟ್ಟೆ. ಬೈದುಬಿಡು, ನಾಲ್ಕು ಮಾತು ಬೈದು ಹೊಟ್ಟಿ ತಣ್ಣಗ ಮಾಡ್ಕೋ. … ಬೈಯಂಗೂ ಇಲ್ಲ?

ಇರ್ಲಿ. ಈಗ ಮುಂದಿಂದು ನೋಡೋಣ. ಅರ್ಜಿ ನಾ ಬರಕೊಡ್ತೀನಿ, ಚಂದಾಗಿ, ಕಣ್ಣಾಗ ನೀರು ಬರೂಹಂಗ. ಇಲ್ಲಾ, ಖೋಲಿ ಬದಲು ಮಾಡ್ರಿ. ಟಿಟ್ವಾಳಾದಾಗ ಸಸ್ತಾ ಅವ… ಥೂ, ಅದೂ ಠಾಣೆ ಜಿಲ್ಲಾನೇ. ಮಹಾಪೆ ಕಡಿ ಕಲ್ಲಿನ ಕ್ವಾರಿಯೊಳಗ ನಮ್ಮವರು ಇದ್ದಾರ… ಅದೂ ಠಾಣೇನೇ. ಎಲ್ಲಿ ಬೆರಳಿಟ್ರೂ ಠಾಣೆ! ನೀ ಮಕ್ಕಳನ್ನ ಕಟ್ಕೊಂಡು ಇಲ್ಲೇ ಇದ್ದುಬಿಡು ಹಂಗಾದ್ರ, ನಾ ಇದ್ದೀನಿ. ನಾಳಿಂದ ನಿಮ್ಮ ಗಲ್ಲಿಗೆ ಹತ್ತು ನಿಮಿಷ ನೀರು ಹೆಚ್ಚಿಗೆ ಬಿಡ್ತೀನಿ. ಯಾರರ ಕೇಳಿದ್ರ ವಾಲ್ವು ಸಡ್ಲ ಅದ ಅಂತ…

ಮತ್ತ್ಯಾಕ ಬಿಚ್ಚಿದಿ ಆ ಕಾಗದ? ಓದೀನಲ್ಲ. ಬೆರಳು ತಗಿ, ಅದು ಕಲಮು. ನಂಬರು. ನಾ ಹೇಳಿದ್ನಲ್ಲ ನಂಬರು ಅಂತ.

ಬೆರಳು ತಗಿ, ಚಂದವ್ವಾ.

…‘ಬಹಿರಂಗವಾಗಿ ಸಾಕ್ಷಿ ಹೇಳ್ಲಾಕ ಮಂದಿ ಅಂಜತಾರ. ಆದ್ರ ಇವನ್ನ ಚಲೋತ್ನಾಗಿ ಬಲ್ಲ ಒಬ್ಬ ಪಾಲಿಕೆ ನೌಕರ ಗುಪ್ತವಾಗಿ ಹೇಳಿಕಿ ಕೊಟ್ಟಾನ… ದೇವಿ ಅಂತ ಸುಳ್ಳು ಬರಸಿದಾಂವ ಶಿವರಾಯನೇ… ಬ್ಯಾಡ ಅಂದ್ರೂ ಕೇಳ್ಲಿಲ್ಲ… ಮಸೂತಿ ಗಲ್ಲಿ ಮುಂದೇ ಹೋಗೋಣ, ಏನಾಗ್ತದ ಆಗ್ಲಿ ಅಂತ ಅಂದ…’

ಕೇಳಿದ್ಯಾ? ಸಾಕಲ್ಲ?

ಮೂರನೇ ದಿನ ಚೌಕಿಗೆ ಕರಸಿದ್ರು. ಆ ಎರಡನೇ ಕಾರಕೂನ ನನ್ನ ಗುರ್ತು ಹಿಡದಿದ್ದ. ಸಾಹೇಬ ಎರಡು ಕಾಗದ ಮುಂದಿಟ್ಟ. ‘ಒಂದು ಆರೋಪಿದು, ಒಂದು ಸಾಕ್ಷಿದು. ಯಾವುದಕ್ಕ ನಿನ್ನ ಹೆಸರು ಬರೀಲಿ, ಚಾವೀವಾಲಾ?’ ಅಂದ. ಹೊಡೀಲಿಲ್ಲ, ಬೈಲಿಲ್ಲ, ಚಾ ತರಸಿದ್ದ. ಕುಡದೆ. ಕುಡದು ಸಹಿ ಮಾಡ್ದೆ.

ಆದ್ರ ನಿನಗ ಓದ್ಲಾಕ ಬರಂಗಿಲ್ಲಲ್ಲ? ಬೆರಳು ಬರೋಬ್ಬರಿ ಅದೇ ಸಾಲಿನ ಮ್ಯಾಲ ಹೆಂಗ ಬಿತ್ತು? … ಶರಣಬಸಮ್ಮ. ಹೌದು, ಮರಾಠಿ ಸಾಳಿ, ಐದನೇತ್ತ. ನಾನೇ ಹೆಸರು ಹಚ್ಚಿದ್ದು. ಆಕಿ ಓದ್ಯಾಳ. ಅಂದ್ರ… ಅಪ್ಪನ ಮುಂದೇ ಓದ್ಯಾಳ? ಶಿವರಾಯ ಕೇಳ್ಯಾನ? ಏನಂದ ಅಂವ? ‘ಮಾಪಣ್ಣನ ಮನಿ ಹಾಳಾಗ್ಲಿ’ ಅಂದ್ನೇನು? … ಏನೂ ಅನ್ಲಿಲ್ಲ?

ತಡಿ, ತಡಿ. ನೀ ಬಂದು ಅರ್ಧ ತಾಸು ಆತು. ಒಂದು ಮಾತು ಆಡಿಲ್ಲ. ಬಾಯಿ ಸತ್ತಾಕಿ ಅಲ್ಲ ನೀ, ನಳದ ಮುಂದ ನಿಂತ್ರ ಹತ್ತು ಮಂದಿ ದನಿ ನಿಂದೊಬ್ಬಾಕಿದು. ಯಾರರ ಆಣಿ ಹಾಕ್ಯಾರೇನು? … ಅಂವನಾ? ‘ಮಾಪಣ್ಣಗ ಒಂದು ಮಾತೂ ಅನಬ್ಯಾಡ, ಅಂವಗ ನೌಕರಿ ಅದ’ ಅಂತ? … ತಲಿ ಅಲ್ಲಾಡಸ್ತಿ. ಯವ್ವಾ.

ಹಂಗಾದ್ರ ಚೌಕಿಯೊಳಗ ಎರಡು ದಿನ ಶಿವರಾಯನ್ನ ಕೂಡಿ ಹಾಕಿ ‘ಅರ್ಜಿ ಯಾರು ಬರದ್ರು, ಯಾರು ಬರದ್ರು’ ಅಂತ ಕೇಳಿ ಕೇಳಿ ಹೊಡದಾಗ… ನಾ ಹೊರಗ ಕಟ್ಟಿ ಮ್ಯಾಲ ಕುಂತು ಕೇಳ್ತಿದ್ದೆ, ಚಂದವ್ವಾ. ‘ಗೊತ್ತಿಲ್ರಿ’ ಅಂತಿದ್ದ. ಆವಾಗ ದೇವರು ನೀರಿಗೆ ಇಳದಾಗಿತ್ತು, ಹರಕಿ ಮುಗದಿತ್ತು, ಮಾತಾಡಬಹುದಿತ್ತು. ಹೆಡ್ಡ, ನೋವಿಗೆ ಮರ್ತಾನ ಅಂತ ತಿಳದಿದ್ದೆ ನಾ. ನಕ್ಕಿದ್ದೆ ಸೈತ, ಒಳಗೊಳಗ. ಅಂವ ನನ್ನ ಹೆಸರು ಬಾಯಾಗ ಹಿಡದು ಕುಂತಿದ್ದ. ನಾ ಮೂರನೇ ದಿನ ಒಂದು ಕಪ್ಪು ಚಾ ಕುಡದು…

ನಾಳೆ ಹನ್ನೊಂದಕ್ಕ ಸಾಕ್ಷಿ ಬೇಕು. ಇಡೀ ಮುಂಬ್ರಾ ಸೋಸಿದ್ರೂ ಅವಗ ಇರೋ ಸಾಕ್ಷಿ ನಾನೊಬ್ಬ. ಅದನ್ನ ಬಾಯಿ ಬಿಟ್ಟು ಕೇಳಂಗಿಲ್ಲ ಅಂತ ಆಣಿ. ಕಾಗದ ತೋರಸಬಹುದು, ಅಷ್ಟೇ. ಅದಕ್ಕ ಬಂದಿ ನೀ.

ಬರ್ತೀನಿ. ಏಳಬ್ಯಾಡ, ಕುಂದ್ರು! ಬರ್ತೀನಿ ಅಂತ ಹೇಳ್ಲಾಕತ್ತೀನಿ. ಠಾಣೆಕ್ಕ ಬಂದು, ಸಾಹೇಬರ ಮುಂದ ನಿಂತು, ‘ಆ ಹೇಳಿಕಿ ಸುಳ್ಳು, ಬರದಾಂವ ನಾನು’ ಅಂತ… ಹಂಗಂದ್ರ ನೌಕರಿ ಹೋಗ್ತದ. ಕೇಸು ನನ್ನ ಮ್ಯಾಲ ಬರ್ತದ. ಭೀಮಮ್ಮಗ ಏನ್ ಹೇಳ್ಲಿ? … ಹೋದ್ರ ಹೋಗ್ಲಿ! ಬರ್ತೀನಿ. ಎಂಟೂ ಹತ್ತರ ಲೋಕಲ್ಲಿಗೆ ಸ್ಟೇಶನ್ನಿನ್ಯಾಗ ನಿಂತಿರ್ತೀನಿ. ಕೇಳಸ್ತಿಲ್ಲೇನು? ಬರ್ತೀನಿ ಅಂದೆ!

…ಯಾಕ ಹಂಗ ಸುಮ್ನ ನೋಡ್ತಿ?

ನಿನಗೂ ಹಂಗೇ ಕೇಳಸ್ತೇನು? ನನ್ನ ಬಾಯಿಂದ ಬಂದದ್ದು ನನ್ನ ಕಿವಿಗೇ ಸುಳ್ಳು ಕೇಳಸ್ತು. ನಾಳೆ ಮುಂಜಾನಿ ನಾ ಎಲ್ಲಿರ್ತೀನಿ ಅಂಬೋದು ನನಗೂ ಗೊತ್ತದ, ನಿನಗೂ ಗೊತ್ತದ. ಯಾವುದರ ವಾಲ್ವಿನ ಕುಣಿಯೊಳಗ ತಲಿ ಬಗ್ಗಿಸಿ ನಿಂತಿರ್ತೀನಿ.

ನಂಬಬ್ಯಾಡ, ತಂಗಿ. ಹೋಗು, ಸಾಮಾನು ಕಟ್ಟು.